ಬೆರಳ ತುದಿಯ ಲಕ್ಷ್ಮಿಯೂ ನಮ್ಮ ಸೋದರತ್ತೆಯೂ

ಬೆಳಗ್ಗೆ ಕಣ್ಣು ತೆರೆದೊಡನೆ ಎರಡೂ ಅಂಗೈಗಳನ್ನು ನೋಡಿಕೊಳ್ಳುವ ಪದ್ಧತಿಯನ್ನು ನಮಗೆ ಕಲಿಸಿಹೋದ ಹಿರಿಯರಿಗೆ ಮೊದಲ ನಮಸ್ಕಾರ. ಹತ್ತು ಬೆರಳುಗಳನ್ನು ಕೊಟ್ಟು, ಅವು ತಮ್ಮ ಕೆಲಸ ಕಲಿಯುವವರೆಗೆ ಕಾಯುವ ತಾಳ್ಮೆಯನ್ನೂ ಯಾರಾದರೊಬ್ಬರ ಎದೆಯಲ್ಲಿ ಇಟ್ಟ ಭಗವಂತನಿಗೆ ಎರಡನೆಯ ನಮಸ್ಕಾರ. ಮೂರನೆಯದು ನಮ್ಮ ಸೋದರತ್ತೆಗೆ. ಅವರೇನಾದರೂ ಎದುರಿಗಿದ್ದಿದ್ದರೆ, "ನಮಸ್ಕಾರ ಆಮೇಲೆ ಮಾಡೋವಂತೆ, ಮೊದಲು ಈ ಬತ್ತಿ ಹೊಸಿ" ಎಂದು ಹತ್ತಿಯ ಉಂಡೆಯೊಂದನ್ನು ನನ್ನ ಮಡಿಲಿಗೆ ಹಾಕುತ್ತಿದ್ದರು.

ನಮ್ಮ ಅತ್ತೆ ಜೀವಮಾನದಲ್ಲಿ ಯಾರ ಕೈಯನ್ನೂ ಸುಮ್ಮನಿರಲು ಬಿಟ್ಟವರಲ್ಲ. ಇದು ಉತ್ಪ್ರೇಕ್ಷೆಯೆಂದು ತೋರಿದರೆ, ನಮ್ಮ ಮನೆಗೆ ತಪಾಸಣೆಗೆಂದು ಬಂದ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರನ್ನು ಕೇಳಬೇಕಿತ್ತು. ಗಂಭೀರವದನರಾಗಿ ಜಗಲಿಯ ಮೇಲೆ ಕುಳಿತ ಆ ಮಹನೀಯರು, ನಾನು ಒಳಗಿನಿಂದ ಕಾಗದಪತ್ರ ತರುವಷ್ಟರಲ್ಲಿ ಒಂದು ಮೊರ ಅವರೆಕಾಯಿ ಸುಲಿದು ಮುಗಿಸಿದ್ದರು! ಹೊರಡುವಾಗ ಅವರು ನನ್ನ ಕಾಗದಗಳನ್ನು ನೋಡಲೇ ಇಲ್ಲ. "ನಾಳೆ ಇನ್ನೊಂದು ಮೊರ ಇರುತ್ತೇನಮ್ಮ?" ಎಂದು ಕೇಳಿದರು.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಅವರು ಬಸ್ಸಿನಲ್ಲಿ ಬರುತ್ತಿದ್ದುದು ಒಂದು ತಗಡಿನ ಟ್ರಂಕು ಮತ್ತು ಒಂದು ಕೈಚೀಲದೊಂದಿಗೆ. ಚೀಲದ ಬಾಯಿಗೆ ದಾರದಿಂದ ಹಾಕಿದ ಹನ್ನೊಂದು ಗಂಟುಗಳಿರುತ್ತಿದ್ದವು. ಅದರೊಳಗೆ ಕೊಬ್ಬರಿ ಮಿಠಾಯಿಯೋ ಹುರಿಗಾಳೋ ಇರುತ್ತಿತ್ತು. ಗಂಟು ಬಿಚ್ಚಿದವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಕತ್ತರಿ ತಂದವರಿಗೆ ಬೈಗುಳ! ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಓದುಬರಹವನ್ನೂ ಕಾಣದೆ ಬಾಳಿದ ಆ ಹೆಂಗಸಿಗೆ ಊರ ಮಕ್ಕಳ ಬೆರಳುಗಳ ಮೇಲೆ ಈ ಪರಿಯ ಆಸ್ಥೆ ಏಕಿತ್ತೋ ನನಗೆ ತಿಳಿಯದು. ಅವರ ಹೆಸರೂ ನನಗೆ ತಿಳಿದಿರಲಿಲ್ಲ. ನನಗೆ ಅವರು ಅತ್ತೆ, ಮಕ್ಕಳಿಗೆ ಅಜ್ಜಿ, ಊರಿಗೆ ಚಿಂತಾಮಣಿಯಮ್ಮ. ಅಷ್ಟರಲ್ಲೇ ಎಲ್ಲರ ವ್ಯವಹಾರವೂ ನಡೆದುಹೋಗುತ್ತಿತ್ತು.

ಮೈಸೂರು ರಾಜ್ಯ ದೊಡ್ಡದಾದ ಆಸುಪಾಸಿನ ವರ್ಷಗಳಲ್ಲಿ ನಾನು ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳ ಪಂಡಿತನಾಗಿದ್ದೆ. ವಿದ್ಯೆಯ ವಿಷಯ ಹಾಗಿರಲಿ, ನನ್ನ ಕೈಬರಹದ ವಿಷಯದಲ್ಲಿ ನನಗೆ ತಕ್ಕಷ್ಟು ಗರ್ವವಿತ್ತು. ಮದುವೆಯ ಲಗ್ನಪತ್ರಿಕೆ ಬರೆಯಬೇಕಾದರೆ ಚಿಕ್ಕಬಳ್ಳಾಪುರದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಇಂಥವನಿಗೆ ಹುಟ್ಟಿದ ಮಗಳಿಗೆ ಶಾರದೆಯೆಂದು ಹೆಸರಿಟ್ಟಿದ್ದೆ. ಆರು ವರ್ಷ ತುಂಬಿದರೂ ಆ ಮಗುವಿನ ಕೈಯಲ್ಲಿ ಬಳಪ ನಿಲ್ಲುತ್ತಿರಲಿಲ್ಲ.

ಮಾತಿನಲ್ಲಿ ಅವಳು ಚುರುಕು. ಕೇಳಿದ ಸ್ತೋತ್ರವನ್ನು ಎರಡು ದಿನದಲ್ಲಿ ಒಪ್ಪಿಸುವಳು. ಆದರೆ ಲಂಗದ ಲಾಡಿ ಕಟ್ಟಲಾರಳು. ರವಿಕೆಯ ಗುಂಡಿ ಹಾಕಲಾರಳು. ಅನ್ನವನ್ನು ಕಲಸಿ ಬಾಯಿಗೊಯ್ಯುವಷ್ಟರಲ್ಲಿ ಅರ್ಧ ನೆಲದ ಪಾಲು. ಹಿಡಿದರೆ ಮುಷ್ಟಿಯ ಹಿಡಿತ, ಬಿಟ್ಟರೆ ಪೂರ್ತಿ ಬಿಡುಗಡೆ. ನಡುವಿನದೊಂದು ಆ ಕೈಗೆ ಗೊತ್ತೇ ಇರಲಿಲ್ಲ. ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಅವಳಿಗೆ ಎರಡು ವರ್ಷ ಅಕ್ಷರಾಭ್ಯಾಸ ಮಾಡಿಸಿದ್ದೆ. ಮೂರನೆಯ ವರ್ಷವೂ ಮಾಡಿಸಿದೆ. ಆ ಅಕ್ಕಿಯಲ್ಲಿ ಪಾಯಸ ಮಾಡಿ ಉಂಡೆವೇ ಹೊರತು ಅಕ್ಷರವೇನೂ ಮೂಡಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಆದರೂ ಆ ದಶಮಿಯಂದು ಮುಖ ತಿರುಗಿಸಿಕೊಂಡೇ ಹೇಳಿದರು: "ಪಂಡಿತ್ರೇ, ಮುಂದಿನ ದಶಮಿ ಹೊತ್ತಿಗೆ ಮಗು ತನ್ನ ಹೆಸರು ತಾನೇ ಬರೀಲಿ, ಸೇರಿಸ್ಕೋತೀನಿ. ಇಲ್ದಿದ್ರೆ ಬಲವಂತ ಮಾಡ್ಬೇಡಿ. ಹೆಣ್ಣುಮಗು, ಮನೇಲೇ ಇರ್ಲಿ ಬಿಡಿ." ಮನೆಯಲ್ಲೇ ಇರಲಿ ಎಂಬ ಆ ಮಾತು ಮುಗಿಯುವುದು ಎಲ್ಲಿಗೆಂದು ನನಗೆ ಗೊತ್ತಿತ್ತು. ಆಮೇಲೆ ಯಾರೂ ಅವಳನ್ನು ಎಲ್ಲಿಗೂ ಕರೆಯುವುದಿಲ್ಲ.

ಅಂದಿನಿಂದ ನಾನೊಂದು ಕೆಲಸಕ್ಕೆ ತೊಡಗಿದೆ. ಬರೆಯಲು ಇಂದಿಗೂ ನಾಚಿಕೆ. ಬೆಳಗಿನ ಜಪ ಮುಗಿಸಿ, ಮಗುವನ್ನು ಹಿತ್ತಲಿಗೆ ಕರೆದೊಯ್ದು, ಬಳಪವನ್ನು ಅವಳ ಮೂರು ಬೆರಳುಗಳಿಗೆ ದಾರದಿಂದ ಬಿಗಿದು ಕಟ್ಟಿ, ಮೇಲೆ ನನ್ನ ಕೈಯಿಟ್ಟು ತಿದ್ದಿಸುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಸ್ಲೇಟಿನ ಕಡೆ ನೋಡುತ್ತಲೂ ಇರಲಿಲ್ಲ.

ದೀಪಾವಳಿಗೆ ಬಂದ ಅತ್ತೆ ಮೊದಲು ನೋಡಿದ್ದು ಆ ಬೆರಳುಗಳ ಮೇಲಿನ ಕೆಂಪು ಗೆರೆಗಳನ್ನು.

"ಇದೇನೋ ಇದು?"

"ಅಭ್ಯಾಸ ಅತ್ತೆ. ಹಿಡಿತ ಬರ್ಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಶಾಸ್ತ್ರಾಧಾರ ಕೊಟ್ಟು ವಾದಿಸುತ್ತಿದ್ದೆ! ಸ್ಲೇಟು ತರಿಸಿ ನನ್ನ ಮುಂದಿಟ್ಟು, ಬಳಪವನ್ನು ನನ್ನ ಎಡಗೈಗೆ ಕೊಟ್ಟು, "ಎಲ್ಲಿ, ನಿನ್ನ ಹೆಸರು ಬರಿ ನೋಡಣ" ಎಂದರು. ಲಗ್ನಪತ್ರಿಕೆಗಳ ಖ್ಯಾತಿಯ ಆ ಪಂಡಿತ ಬರೆದ. ಮೊದಲ ಅಕ್ಷರ ಸ್ಲೇಟಿನ ಅಂಚು ದಾಟಿತು; ಎರಡನೆಯದು ಮಗುಚಿ ಬಿತ್ತು; ಮೂರನೆಯದಕ್ಕೆ ಬಳಪ ಮುರಿಯಿತು. ಬಾಗಿಲ ಬಳಿ ನಿಂತಿದ್ದ ಶಾರದೆ (ತಂದೆಯಾದ ನನ್ನನ್ನು ಅವಳು ಅಣ್ಣನೆಂದೇ ಕರೆಯುತ್ತಿದ್ದುದು) ಹತ್ತಿರ ಬಂದು ಬಗ್ಗಿ ನೋಡಿ ಕೇಳಿದಳು:

"ಅಣ್ಣಾ, ನಿಂಗೂ ಬರಲ್ವಾ?"

ಆ ಧ್ವನಿಯಲ್ಲಿ ಅಣಕವಿರಲಿಲ್ಲ. ಒಂಟಿ ದಾರಿಯಲ್ಲಿ ಹೋಗುವವರಿಗೆ ಜೊತೆ ಸಿಕ್ಕಿದಾಗ ಆಗುವ ಸಮಾಧಾನವಿತ್ತು. ನಾನು ತಲೆ ಎತ್ತಲಾರದೆ ಹೋದೆ. ಅತ್ತೆ ಸ್ಲೇಟನ್ನೂ ಬಳಪವನ್ನೂ ತಮ್ಮ ಟ್ರಂಕಿನೊಳಗಿಟ್ಟು ಬೀಗ ಹಾಕಿ ಹೇಳಿದರು: "ನಾನು ಕೊಡೋವರ್ಗೂ ಈ ಮನೇಲಿ ಯಾರೂ ಬರೆಯೋ ಹಾಗಿಲ್ಲ." ಪಂಡಿತನ ಮನೆಯಲ್ಲಿ ವಿದ್ಯೆಗೆ ಬೀಗ! ಆ ಸಲ ಚಿಂತಾಮಣಿಗೆ ಅವರು ಮರಳಲಿಲ್ಲ. ನಮ್ಮಲ್ಲೇ ನಿಂತುಬಿಟ್ಟರು.

ಮರುದಿನ ಬೆಳಗ್ಗೆ ಅಂಗೈ ನೋಡಿಕೊಳ್ಳುವ ಹೊತ್ತಿಗೆ ಅತ್ತೆ ನನ್ನನ್ನು ಕೇಳಿದರು: "ಕೈಯಲ್ಲಿ ಯಾರ್ಯಾರು ಇದಾರೋ?" ನಾನು ಹೇಳಿದೆ: ತುದಿಯಲ್ಲಿ ಲಕ್ಷ್ಮಿ, ನಡುವೆ ಸರಸ್ವತಿ, ಬುಡದಲ್ಲಿ ಗೋವಿಂದ.

"ಮತ್ತೆ ನೀನು ಏಕ್ದಮ್ ತುದೀಗೇ ಹೋಗಿ ದಾರ ಕಟ್ಟಿದ್ಯಲ್ಲೋ! ಗೋವಿಂದ ಏಳದೆ ಲಕ್ಷ್ಮಿ ಎಲ್ಲಿಂದ ಬರ್ತಾಳೆ? ಮೊದಲು ಬುಡ."

"ಬುಡ ಅಂದ್ರೆ ಮಣಿಕಟ್ಟು ಅತ್ತೆ."

"ಬುಡ ಅಂದ್ರೆ ಭುಜ ಕಣೋ. ಮರದ ಬುಡ ಎಲೆ ಪಕ್ಕದಲ್ಲಿರುತ್ತಾ?"

"ಆ ಶ್ಲೋಕಕ್ಕೆ ಹಾಗೆ ಅರ್ಥ ಮಾಡೋಕೆ ಬರಲ್ಲ ಅತ್ತೆ."

"ನಿಂಗೆ ಬರಲ್ಲ. ನಂಗೆ ಬಂತಲ್ಲ!"

ಕಾರ್ತಿಕವಿಡೀ ಗೋವಿಂದನ ಸೇವೆ ನಡೆಯಿತು. ಶಾರದೆ ಬೀಸುವ ಕಲ್ಲಿನ ಗೂಟವನ್ನು ಅಜ್ಜಿಯ ಕೈಯ ಮೇಲೆ ಕೈಯಿಟ್ಟು ತಿರುಗಿಸಿದಳು; ಮಂಡಿಯೂರಿ ಪಡಸಾಲೆ ಸಾರಿಸಿದಳು; ಒದ್ದೆ ಬಟ್ಟೆಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅಜ್ಜಿಗೆ ಕೊಟ್ಟು ಹಿಂಡಿದಳು. ನನ್ನ ಹೆಂಡತಿಗೆ ಸಂಕಟ. "ಏನೂಂದ್ರೆ, ಬೀದಿಯವರು ಏನಂದಾರು? ಮಗೂನ ಮನೆಗೆಲಸಕ್ಕೆ ಇಟ್ಕೊಂಡಿದಾರೆ ಅಂತಾರಷ್ಟೆ." ಅತ್ತೆ ಅಡಿಗೆಮನೆಯಿಂದಲೇ ಉತ್ತರ ಕೊಟ್ಟರು: "ಅನ್ನಲಿ ಬಿಡೇ. ಅನ್ನೋಕೆ ಬಂದೋರನ್ನ ಒಳಗೆ ಕಳಿಸು. ಎರಡು ಸೇರು ರಾಗಿ ಬೀಸೋದಿದೆ."

ಆಮೇಲೆ ಸರಸ್ವತಿಯ ಪಾಳಿ, ಎಂದರೆ ಅಂಗೈ. ಹಿಟ್ಟು ನಾದುವುದು, ಉಂಡೆ ಕಟ್ಟುವುದು, ತಟ್ಟುವುದು. ಅವಳು ತಟ್ಟಿದ ರೊಟ್ಟಿಗಳಿಗೆ ಯಾವ ಆಕಾರವಿತ್ತೆಂದು ಹೇಳಲು ನನ್ನ ಅಲಂಕಾರಶಾಸ್ತ್ರದ ಓದು ಸಾಲದು! ಒಮ್ಮೆ ಬೇಸರದಿಂದ ಅವಳು ಹಿಟ್ಟನ್ನು ತಳ್ಳಿ, "ನಂಗೆ ಬೆರಳೇ ಬರಲ್ಲ ಅಜ್ಜಿ, ಬರೀ ಮುಷ್ಟಿ" ಎಂದು ಬಿಕ್ಕಿದಳು. ಅತ್ತೆ ಅವಳನ್ನು ದೇವರ ಮನೆಯ ಮುಂದೆ ಕೂರಿಸಿಕೊಂಡರು. ನಮ್ಮ ಮನೆದೇವರ ಪೀಠದಲ್ಲಿ ಬೆಣ್ಣೆಯ ಉಂಡೆ ಹಿಡಿದ ಅಂಬೆಗಾಲಿನ ಕೃಷ್ಣನಿದ್ದಾನೆ. ಅವನ ಪಕ್ಕದಲ್ಲೇ ಕೊಳಲೂದುವ ಗೋಪಾಲ.

"ನೋಡಮ್ಮ, ಇವನೂ ಮೊದಲು ಮುಷ್ಟೀಲೇ ಹಿಡ್ಕೊಂಡಿದ್ದು. ಕೊಳಲಿನ ತೂತಿಗೆ ಬೆರಳಿಟ್ಟಿದ್ದು ಆಮೇಲೆ. ದೇವರಿಗೇ ಅಷ್ಟು ದಿನ ಹಿಡೀತು. ನಿಂಗೇನು ಅವಸರ?"

ಇಪ್ಪತ್ತು ವರ್ಷ ಆ ಎರಡು ವಿಗ್ರಹಗಳಿಗೂ ಪೂಜೆ ಮಾಡಿದವನು ನಾನು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕಂಡವರು ಅವರು.

ಚಳಿಗಾಲಕ್ಕೆ ಅವರೆಕಾಯಿ ಬಂತು. ನಮ್ಮ ಸೀಮೆಯಲ್ಲಿ ಅವರೆಕಾಳನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತುಕಿ, ಸಿಪ್ಪೆ ಬಿಡಿಸಿ ಸಾರು ಮಾಡುವುದಕ್ಕೆ ಯಾವ ಮನೆಯೂ ಹೊರತಲ್ಲ. ಶಾರದೆ ಮೊದಮೊದಲು ಮುಷ್ಟಿಯಲ್ಲೇ ಹಿಡಿದು ಕಾಳನ್ನು ಅರೆದುಬಿಡುತ್ತಿದ್ದಳು. ತಿಂಗಳೊಪ್ಪತ್ತು ನಾವು ಹಿತಕಿದ ಬೇಳೆಯ ಸಾರಿನ ಬದಲು ಅವರೆಯ ಗೊಜ್ಜನ್ನೇ ಉಂಡೆವು. ಸಂಕ್ರಾಂತಿಯ ಹಿಂದುಮುಂದಿನ ಒಂದು ಮಧ್ಯಾಹ್ನ ಪಂಚಾಂಗ ಕೇಳಲು ಬಂದ ಮುಖ್ಯೋಪಾಧ್ಯಾಯರು ಹೊಸಲು ದಾಟುತ್ತಿದ್ದಂತೆ, ಚಿಟ್ಟನೆ ಒಂದು ಕಾಳು ಹಾರಿ ಅವರ ಕನ್ನಡಕದ ಗಾಜಿಗೆ ಬಡಿಯಿತು. ಕಾಳಿನ ಮೇಲೆ ಸಿಪ್ಪೆಯ ಸುಳಿವೂ ಇರಲಿಲ್ಲ. ಶಾರದೆಯ ಎರಡು ಬೆರಳುಗಳ ನಡುವೆ ಬರಿಯ ಸಿಪ್ಪೆ ಉಳಿದಿತ್ತು.

"ಹೊಡೆದ್ಯಲ್ಲೇ ನನ್ನ ಬಂಗಾರ!" ಎಂದು ಕೂಗಿದ ಅತ್ತೆ, ಗಾಜು ಒರೆಸಿಕೊಳ್ಳುತ್ತಿದ್ದ ಆ ಹಿರಿಯರ ಕಡೆ ತಿರುಗಿ ಗಾಂಭೀರ್ಯದಿಂದ ಕೇಳಿದರು: "ಮೇಷ್ಟ್ರೇ, ಇದು ಪಾಸೋ ಫೇಲೋ?"

ಈ ವಿದ್ಯೆಗೆ ಒಂದು ಶಾಸ್ತ್ರವಿದೆಯೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅರವತ್ತರ ದಶಕ ಮುಗಿಯುತ್ತಿದ್ದಾಗ ಗೌರಿಬಿದನೂರಿನ ನನ್ನ ಷಡ್ಡಕರ ಮಗುವಿಗೆ ಇದೇ ತೊಂದರೆ ಕಾಣಿಸಿ, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅವರೊಡನೆ ಹೋಗಿದ್ದೆ. ಅಲ್ಲೊಂದು ಕೋಣೆಯಲ್ಲಿ ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಮಗುವಿನಿಂದ ಜೇಡಿಮಣ್ಣು ನಾದಿಸುತ್ತಿದ್ದಳು, ಮಣಿ ಪೋಣಿಸಲು, ಬಟಾಣಿ ಆರಿಸಲು ಹಚ್ಚುತ್ತಿದ್ದಳು. ಆಕ್ಯುಪೇಷನಲ್ ಥೆರಪಿ ಎಂದು ಹೆಸರು ಹೇಳಿ, "ಮೊದಲು ಭುಜದ ಬಲ ಬರಬೇಕು, ಆಮೇಲೆ ಬೆರಳು" ಎಂದು ವಿವರಿಸಿದಳು. ನನ್ನ ಮುಖದ ನಗು ಕಂಡು ಕಾರಣ ಕೇಳಿದಳು. "ನಮ್ಮ ಮನೆಯ ಡಾಕ್ಟರಮ್ಮ ಮಡಿಯಲ್ಲಿರುತ್ತಿದ್ದರು ತಾಯಿ, ಕೋಟು ಹಾಕುತ್ತಿರಲಿಲ್ಲ" ಎಂದೆ. ಆಕೆಗೆ ಏನು ಅರ್ಥವಾಯಿತೋ!

ಈಗ ನಗಲಾರದ ಒಂದು ಪ್ರಸಂಗವನ್ನು ಹೇಳಬೇಕು.

ನಮ್ಮ ಪಕ್ಕದ ಮನೆಯ ಮುನೆಕ್ಕ ರೇಷ್ಮೆಹುಳು ಸಾಕುತ್ತಿದ್ದಳು. ಹುಳುಗಳು ಹಣ್ಣಾಗಿ ಮೈ ಹೊಂಬಣ್ಣಕ್ಕೆ ತಿರುಗಿದಾಗ, ಒಂದೊಂದನ್ನೇ ಎತ್ತಿ, ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಸುತ್ತುಗಳಲ್ಲಿ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ತಡವಾದರೆ ನೂಲು ವ್ಯರ್ಥ. ಒತ್ತಿ ಹಿಡಿದರೆ ಹುಳುವೇ ಸಾಯುತ್ತದೆ. ಆ ಬೇಸಗೆಯ ಒಂದು ಬೆಳಗ್ಗೆ ಎಷ್ಟು ಕೈಗಳಿದ್ದರೂ ಸಾಲದಂತಾಗಿ ಮುನೆಕ್ಕ ಬೇಲಿಯಾಚೆಯಿಂದ ಕೂಗಿದಳು. ಅತ್ತೆ ಶಾರದೆಯನ್ನು ಕರೆದುಕೊಂಡು ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ.

ಮುನೆಕ್ಕ ಮಗುವನ್ನು ನೋಡಿ ಗಾಬರಿಯಾಗಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು: "ಅಯ್ಯೋ ಅಮ್ಮಣ್ಣೀ, ಪಾಪನ ಕೈಗೆ ಕೊಡಬ್ಯಾಡಿ. ಗಟ್ಟಿಯಾಗಿ ಪಟ್ಕೊಂಡ್ರೆ ಹೋಯ್ತು ಅದು."

"ಒಂದು ಕೊಡಮ್ಮ, ನೋಡಣ" ಎಂದರು ಅತ್ತೆ.

ಶಾರದೆ ಹುಳುವನ್ನು ಹಿಡಿದಳು. ಹಿಡಿತ ಬಿಗಿಯಾಯಿತು. ಒಂದು ಗಳಿಗೆಯಲ್ಲಿ ಅವಳ ಬೆರಳುಗಳೆಲ್ಲ ಒದ್ದೆಯಾದವು.

ಮಗು ತನ್ನ ಕೈಯನ್ನು ಮೈಯಿಂದ ದೂರ ಚಾಚಿ ನಿಂತಿತು. "ಅಜ್ಜಿ, ಸತ್ತೋಯ್ತಾ?"

ನಾನಾಗಿದ್ದರೆ ಏನಾದರೂ ಸುಳ್ಳು ಹೇಳಿ ಸಂತೈಸುತ್ತಿದ್ದೆ. ಇರುವೆಗೆ ಸಕ್ಕರೆಯಿಟ್ಟಲ್ಲದೆ ಊಟಕ್ಕೆ ಕೂರದ ಆ ಹೆಂಗಸು ಹೇಳಿದರು: "ಹೂಂ ಕಣಮ್ಮ, ಸತ್ತೋಯ್ತು. ಇನ್ನೊಂದು ತಗೋ."

ಮುನೆಕ್ಕ ಅತ್ತೆಯ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ತನ್ನ ಸೆರಗಿನಿಂದ ಆ ಬೆರಳುಗಳನ್ನು ಒರೆಸಿ, ಇನ್ನೊಂದು ಹುಳುವನ್ನು ತಾನೇ ಎತ್ತಿ ಶಾರದೆಯ ಅಂಗೈಯಲ್ಲಿ ಮಲಗಿಸಿದಳು. "ಈಗಲೇ ಹಿಡೀಬ್ಯಾಡ ತಲ್ಲಿ. ಸುಮ್ನೆ ನೋಡು. ಉಸುರಾಡ್ತೈತೆ, ಗೊತ್ತಾಯ್ತಾ?"

ಶಾರದೆ ಉಸಿರು ಬಿಗಿಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೆಬ್ಬೆರಳೂ ತೋರುಬೆರಳೂ ಬಾಗಿಲಿನಂತೆ ಮೆಲ್ಲನೆ ತೆರೆದು, ಮೆಲ್ಲನೆ ಮುಚ್ಚಿ, ಆ ಜೀವವನ್ನು ಎತ್ತಿ ಚಂದ್ರಿಕೆಯ ಮೇಲೆ ಇಳಿಸಿದವು. ಹುಳು ತಲೆಯೆತ್ತಿ ಅತ್ತಿತ್ತ ಆಡಿಸಿ ನೂಲು ಚೆಲ್ಲತೊಡಗಿತು. ಮುಷ್ಟಿಗೂ ಬಿಡುಗಡೆಗೂ ನಡುವಿನದೊಂದು ಆ ಕೈಗೆ ಸಿಕ್ಕಿತ್ತು. ಮಧ್ಯಾಹ್ನದೊಳಗೆ ಅವಳು ಒಂದು ಚಂದ್ರಿಕೆಯನ್ನು ತುಂಬಿದ್ದಳು.

ಮನೆಗೆ ಬಂದ ಅತ್ತೆ ಬಾವಿಯ ಬಳಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆಯಲ್ಲೇ ಬೆಣ್ಣೆಕೃಷ್ಣನ ಮುಂದೆ ನಿಂತು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಆ ಒಂದು ಹುಳೂನ ಪಾಪ ನಂಗಿರ್ಲಪ್ಪ. ಮಗೂಗೆ ಬೇಡ." ಅಂದಿನಿಂದ ಅವರು ಮಡಿಗೆ ರೇಷ್ಮೆ ಸೀರೆ ಉಡುವುದನ್ನು ಬಿಟ್ಟರು. ಕಾರಣ ಕೇಳಿದರೆ, "ಸೆಕೆ ಕಣೋ, ಮೈಗೆ ಅಂಟುತ್ತೆ" ಎಂದರು. ಮಳೆಗಾಲ ಬಂತು, ತಂಪಾಯಿತು. ಅವರ ಸೆಕೆ ಮಾತ್ರ ಹೋಗಲೇ ಇಲ್ಲ!

ಗಣೇಶನ ಹಬ್ಬ ಕಳೆದ ಮೇಲೆ ಟ್ರಂಕಿನ ಬೀಗ ತೆರೆಯಿತು. "ತಗೋ, ಈಗ ನಿನ್ನ ಪಾಳಿ. ದಾರ ಗೀರ ಕಂಡ್ರೆ ನೋಡು" ಎಂದು ಸ್ಲೇಟನ್ನು ನನಗೆ ಕೊಟ್ಟರು. ಅಷ್ಟರಲ್ಲಿ ಶಾರದೆ ಬಾಗಿಲಿಗೆ ರಂಗೋಲಿಯ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಗೆರೆ ಎಳೆಯುತ್ತಿದ್ದಳು. ಲಂಗದ ಲಾಡಿಯನ್ನು ತಾನೇ ಕಟ್ಟುತ್ತಿದ್ದಳು. ಬಳಪ ಅವಳ ಬೆರಳಿಗೆ ಬಂದು ಕುಳಿತಾಗ ನನ್ನ ಕೈ ಅದರ ಮೇಲೆ ಹೋಗಲು ತವಕಿಸಿತು. ಅದನ್ನು ಹಿಂದಕ್ಕೆ ಎಳೆದುಕೊಂಡೆ.

ವಿಜಯದಶಮಿಯಂದು ಶಾಲೆಯ ಜಗಲಿಯಲ್ಲಿ ಪರೀಕ್ಷೆ. ಶಾರದೆ ತನ್ನ ಹೆಸರು ಬರೆಯತೊಡಗಿದಳು. ಮೂರೇ ಅಕ್ಷರ. ಮುಖ್ಯೋಪಾಧ್ಯಾಯರು ಕಾಫಿ ತರಿಸಿ ಕುಡಿದು ಲೋಟ ಕೆಳಗಿಟ್ಟರು. ಅವಳಿನ್ನೂ ಎರಡನೆಯ ಅಕ್ಷರದಲ್ಲಿದ್ದಳು. ಕೊನೆಗೆ ಅವಳು ಸ್ಲೇಟನ್ನು ಎತ್ತಿ ಹಿಡಿದಳು. ಮೊದಲನೆಯದು ಆನೆಯಷ್ಟು, ಎರಡನೆಯದು ಇಲಿಯಷ್ಟು, ಮೂರನೆಯದು ಎಡಕ್ಕೆ ವಾಲಿತ್ತು.

"ಅಕ್ಷರ ಸೊಟ್ಟಗಿದೆಯಲ್ಲ ಪಂಡಿತ್ರೇ" ಎಂದರು ಅವರು.

ಕಂಬದ ಮರೆಯಿಂದ ಅತ್ತೆಯ ಉತ್ತರ ಬಂತು: "ಸೊಟ್ಟಗಿದ್ರೂ ಕೂತಿದೆ ತಾನೇ ಮೇಷ್ಟ್ರೇ? ಬಿದ್ದಿಲ್ವಲ್ಲ?"

ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು. ಈ ಸಲ ಅವರೆಕಾಳೇನೂ ಬಡಿದಿರಲಿಲ್ಲ. "ಸೇರಿಸ್ಕೊಂಡಿದೀನಿ" ಎಂದಷ್ಟೇ ಹೇಳಿ ರಿಜಿಸ್ಟರು ತೆರೆದರು.

ಅತ್ತೆ ಮರುದಿನವೇ ಚಿಂತಾಮಣಿಗೆ ಹೊರಟು ನಿಂತರು. ಚೀಲಕ್ಕೆ ಗಂಟು ಹಾಕಿದವಳು ಶಾರದೆ. ಅವನ್ನು ಬಿಚ್ಚಲು ಅಲ್ಲಿ ಮೂರು ಮನೆಯವರು ಬೇಕಾಯಿತೆಂದು ಆಮೇಲೆ ಕೇಳಿದೆವು! ಗಂಟು ಮುಗಿಸಿದ ಮಗು ಸ್ಲೇಟು ತಂದು ಅಜ್ಜಿಯ ಎದುರು ಕುಳಿತಿತು.

"ಅಜ್ಜಿ, ನಿನ್ನ ಹೆಸರೇನು?"

"ನಂಗ್ಯಾಕಮ್ಮ ಹೆಸರು? ಅತ್ತೆ ಅಂತ ಬರಿ."

"ಅದು ಅಣ್ಣನಿಗೆ."

"ಹಂಗಾದ್ರೆ ಅಜ್ಜಿ ಅಂತ ಬರಿ."

"ಅಜ್ಜೀರು ಎಲ್ಲಾರ ಮನೇಲೂ ಇದಾರೆ. ನಿಂದು ಹೇಳು."

ಅಂದು ಅತ್ತೆಯ ಕೈಗಳಲ್ಲಿ ಬತ್ತಿಯಿರಲಿಲ್ಲ, ಕಾಳಿರಲಿಲ್ಲ. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆಮೇಲೆ ಮಗುವನ್ನು ಹತ್ತಿರಕ್ಕೆಳೆದು, ಕಿವಿಯಲ್ಲಿ ಹೇಳಿದರು.

ಶಾರದೆ ಬರೆದಳು. ಒಂದು ಒತ್ತಕ್ಷರ ತಿಳಿಯದೆ, ಅದನ್ನು ಬಾಯಲ್ಲಿ ಹೇಳಿ ನನ್ನ ಕಡೆ ನೋಡಿದಳು. ನಾನು ಅದನ್ನು ಗಾಳಿಯಲ್ಲಿ ಬರೆದು ತೋರಿಸಿದೆ. ಕೈ ಹಿಡಿಯಲಿಲ್ಲ. ನಾಲ್ಕಕ್ಷರ ಮುಗಿದ ಮೇಲೆ ಅತ್ತೆ ಸ್ಲೇಟನ್ನು ಬೆಳಕಿಗೆ ಹಿಡಿದರು. ಎಲ್ಲಿ ಅಳಿಸಿಹೋಗುವುದೋ ಎಂದು ತಾಗಿಸದೆಯೇ, ಆ ಗೆರೆಗಳ ಮೇಲೆ ಬೆರಳ ತುದಿಯನ್ನು ಉದ್ದಕ್ಕೂ ಆಡಿಸಿದರು.

"ಇಷ್ಟೇನಾ ನಾನು?" ಎಂದರು. ಸ್ಲೇಟನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದು, "ಚೆನ್ನಾಗಿದೀನಿ" ಎಂದರು.

ಆ ಸ್ಲೇಟನ್ನು ಅವರು ನಮಗೆ ಮರಳಿ ಕೊಡಲಿಲ್ಲ. ಉಡುವುದನ್ನು ಬಿಟ್ಟಿದ್ದ ಆ ರೇಷ್ಮೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಬಸ್ಸಿನಲ್ಲಿ ಟ್ರಂಕನ್ನು ಮೇಲೆ ಹಾಕಲು ಬಿಡದೆ, ಚಿಂತಾಮಣಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಹೋದರು.

ಆ ನಾಲ್ಕಕ್ಷರಗಳನ್ನು ನಾನಿಲ್ಲಿ ಬರೆಯಲಾರೆ. ನನ್ನ ಕೈಬರಹ ಎಷ್ಟೇ ಅಂದವಾಗಿರಲಿ, ಅವನ್ನು ಬರೆದ ಕೈ ನನ್ನದಲ್ಲ. ಸೆರಗಿನಿಂದ ಮಗುವಿನ ಬೆರಳು ಒರೆಸಿದ ಮುನೆಕ್ಕನಿಗೆ ಒಳಿತಾಗಲಿ. ಕಾಫಿ ಕುಡಿಯುತ್ತಲಾದರೂ ಕಾದ ಮುಖ್ಯೋಪಾಧ್ಯಾಯರಿಗೆ, ಬೀದಿಯ ಮಾತಿಗೆ ಹೆದರಿಯೂ ಮಗುವನ್ನು ತಡೆಯದ ನನ್ನ ಹೆಂಡತಿಗೆ, ಬಿಳಿ ಕೋಟಿನ ಆ ಹೆಣ್ಣುಮಗಳಿಗೆ ಒಳಿತಾಗಲಿ. ಗೂಡು ಕಟ್ಟಲಾಗದೆ ಹೋದ ಆ ಒಂದು ಹುಳುವಿಗೂ ಸದ್ಗತಿಯಾಗಲಿ. ಬೆಣ್ಣೆ ಹಿಡಿದು ಕುಳಿತಿರುವ ಎಲ್ಲ ಮುಷ್ಟಿಗಳೂ ತಮ್ಮ ತಮ್ಮ ಕಾಲಕ್ಕೆ ಕೊಳಲು ಹಿಡಿಯಲಿ.